ದಿನಕ್ಕೊಂದು ಬೇಡ, ವಾರಕ್ಕೊಂದು ಸಾಕು: ದೊಡ್ಡವರ ಮಾತನ್ನು ದಿನದ ಬದುಕಿಗೆ ತಂದುಕೊಳ್ಳುವ ಸಮಗ್ರ ಮಾರ್ಗದರ್ಶಿ

ದಿನಾ ಬೆಳಿಗ್ಗೆ ಒಂದು ಒಳ್ಳೆಯ ಮಾತು ಓದಿ ದಿನ ಶುರು ಮಾಡಬೇಕು ಅಂತ ತುಂಬಾ ಜನ ಹೊರಡುತ್ತಾರೆ. ಯುಗಾದಿಗೋ ಜನವರಿ ಒಂದಕ್ಕೋ ಹೊಸ ಡೈರಿ ಬರುತ್ತದೆ. ಮೊದಲ ವಾರ ಬಸವಣ್ಣ, ಗಾಂಧಿ, ವಿವೇಕಾನಂದ ಎಲ್ಲರೂ ಅದರಲ್ಲಿ ಇರುತ್ತಾರೆ. ಮೂರನೇ ವಾರಕ್ಕೆ ಪುಟ ಖಾಲಿ. ಯಾಕೆ ಬಿಟ್ಟಿರಿ ಅಂತ ಕೇಳಿದರೆ "ನನಗೆ ಶಿಸ್ತಿಲ್ಲ" ಅನ್ನುತ್ತಾರೆ.

ನನಗೆ ಹಾಗನಿಸುವುದಿಲ್ಲ. ಹೆಚ್ಚಿನವರು ಸೋಲುವುದು ಹಂತಗಳು ಹಿಂದುಮುಂದಾಗಿರುವುದರಿಂದ. ಮೊದಲು ಮಾತು ಹುಡುಕುತ್ತಾರೆ, ಅದು ಯಾವುದಕ್ಕೆ ಬೇಕು ಅಂತ ಆಮೇಲೂ ಯೋಚಿಸುವುದಿಲ್ಲ. ಇವತ್ತಿನ ಮಾತು ಮನಸ್ಸಿಗೆ ಇಳಿಯುವ ಮೊದಲೇ ನಾಳೆಯದು ಬಂದು ಕೂರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ವಾರಕ್ಕೆ ಒಂದೇ ಮಾತು. ಅದನ್ನು ಏಳು ದಿನ ಇಟ್ಟುಕೊಳ್ಳಬೇಕು, ಒಂದು ಕೆಲಸಕ್ಕೆ ಕಟ್ಟಬೇಕು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಏನೇನು ಬೇಕು

ಒಂದು ನೂರು ಪುಟದ ನೋಟ್‌ಬುಕ್ ಸಾಕು. ದುಬಾರಿ ಡೈರಿ ಬೇಡ, ಅದರಲ್ಲಿ ಗೀಚಲು ಕೈ ಹೆದರುತ್ತದೆ. ಒಂದು ಪೆನ್ನು. ಕಿಸೆಯಲ್ಲೋ ಪರ್ಸಿನಲ್ಲೋ ಇಡಲು ಒಂದು ಚಿಕ್ಕ ಚೀಟಿ. ದಿನಕ್ಕೆ ಹತ್ತು ನಿಮಿಷ, ಭಾನುವಾರ ಮಾತ್ರ ಅರ್ಧ ಗಂಟೆ.

ಇದರ ಜೊತೆಗೆ ನಂಬಬಹುದಾದ ಒಂದು ಮೂಲ ಬೇಕು. ಹೆಚ್ಚು ಜನ ಬಿಡುವುದು ಇದನ್ನೇ. ವಚನಗಳಿಗೆ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಇದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ, ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ. ಫೋನಿನಲ್ಲೇ ಹುಡುಕುವವರಿಗೆ ವಚನ ಸಂಚಯ ಜಾಲತಾಣವಿದೆ, ಒಂದು ಪದ ಹಾಕಿದರೆ ಆ ಪದ ಇರುವ ವಚನಗಳು ಬರುತ್ತವೆ. ಗಾಂಧೀಜಿಯ ಬರಹಗಳು 100 ಸಂಪುಟಗಳಲ್ಲಿವೆ, ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಉಚಿತವಾಗಿ ಓದಬಹುದು. ಸಂವಿಧಾನ ಸಭೆಯ ಚರ್ಚೆಗಳು ಸಂಸತ್ತಿನ ಜಾಲತಾಣದಲ್ಲೇ ಇವೆ.

## ಹಂತ 1: ಮಾತಿಗೆ ಮೊದಲು ನಿಮ್ಮ ತೊಡಕು ಬರೆಯಿರಿ

ಭಾನುವಾರ ಕೂತು ಒಂದೇ ವಾಕ್ಯ ಬರೆಯಿರಿ: ಈ ವಾರ ನನ್ನನ್ನು ಕಾಡುತ್ತಿರುವುದು ಏನು?

"ನಾನು ಒಳ್ಳೆಯ ಮನುಷ್ಯನಾಗಬೇಕು" ಅಂತ ಬರೆದರೆ ಉಪಯೋಗವಿಲ್ಲ. "ಯಾರಾದರೂ ನನ್ನ ಕೆಲಸದಲ್ಲಿ ತಪ್ಪು ತೋರಿಸಿದರೆ ಇಡೀ ದಿನ ಅದೇ ತಲೆಯಲ್ಲಿ ಸುತ್ತುತ್ತದೆ" ಅಂತ ಬರೆಯಿರಿ. "ಮಕ್ಕಳ ಮೇಲೆ ಸಂಜೆ ಹೊತ್ತು ಸುಮ್ನೆ ರೇಗುತ್ತೇನೆ", "ತಿಂಗಳ ಕೊನೆಗೆ ಸಾಲ ಮಾಡುತ್ತೇನೆ", "ಓದಲು ಕೂತರೆ ಕೈ ಫೋನಿಗೆ ಹೋಗುತ್ತದೆ". ಹೊತ್ತು, ಜಾಗ, ಜನ ಇವುಗಳಲ್ಲಿ ಒಂದಾದರೂ ವಾಕ್ಯದಲ್ಲಿ ಬರಬೇಕು. ಹಾಗಿದ್ದರೆ ಮಾತು ಹುಡುಕುವ ಕೆಲಸ ಅರ್ಧ ಮುಗಿದಂತೆ.

ಈ ಹಂತ ಬಿಟ್ಟವರನ್ನು ಗುರುತಿಸುವುದು ಸುಲಭ. ಅವರಿಗೆ ಎಲ್ಲ ಮಾತುಗಳೂ ಚೆನ್ನಾಗಿಯೇ ಕಾಣುತ್ತವೆ.

## ಹಂತ 2: ಆ ತೊಡಕಿಗೆ ತಕ್ಕ ಮಾತು ಹುಡುಕಿ

ಒಬ್ಬರನ್ನೋ ಇಬ್ಬರನ್ನೋ ಆರಿಸಿಕೊಂಡು ಅವರ ಬರಹದಲ್ಲೇ ಹುಡುಕಿ. ಹತ್ತು ಜನರ ಹಿಂದೆ ಓಡಿದರೆ ಯಾರ ಮಾತಿನ ರೀತಿಯೂ ಕಿವಿಗೆ ಹಿಡಿಯುವುದಿಲ್ಲ. ಮೂರು ತಿಂಗಳು ಅಕ್ಕಮಹಾದೇವಿಯನ್ನೋ ಸರ್ವಜ್ಞನನ್ನೋ ಅಂಬೇಡ್ಕರರನ್ನೋ ಓದಿದರೆ, ಯಾವುದು ಅವರು ಆಡಬಹುದಾದ ಮಾತು, ಯಾವುದು ಅಲ್ಲ ಅನ್ನುವುದು ನಿಮಗೇ ಗೊತ್ತಾಗತೊಡಗುತ್ತದೆ.

ಟೀಕೆಗೆ ಕುಗ್ಗುವ ತೊಡಕನ್ನೇ ತೆಗೆದುಕೊಳ್ಳೋಣ. ಅಕ್ಕನ ಒಂದು ವಚನ ಇದಕ್ಕೆ ನೇರವಾಗಿ ಹೊಂದುತ್ತದೆ:

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿ ನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ
ಸಮಾಧಾನಿಯಾಗಿರಬೇಕು.

ಮುಂದಿನ ಹಂತಗಳಲ್ಲಿ ಇದೇ ವಚನ ಬರುತ್ತದೆ.

## ಹಂತ 3: ಮಾತು ಯಾರದು ಅಂತ ಖಾತ್ರಿ ಮಾಡಿಕೊಳ್ಳಿ

ವಾಟ್ಸ್‌ಆಪ್‌ನಲ್ಲಿ ಬರುವ ಚಿತ್ರದ ಮೇಲೆ ಯಾರ ಮುಖ ಬೇಕಾದರೂ ಹಾಕಬಹುದು. ಮುಖ ಇದೆ ಅಂದ ಮಾತ್ರಕ್ಕೆ ಮಾತು ಅವರದಲ್ಲ. ಎಐ ಆಪ್‌ಗಳನ್ನು "ಕುವೆಂಪು ಅವರ ಹತ್ತು ಮಾತು ಕೊಡು" ಅಂತ ಕೇಳಿದರೂ ಇದೇ ಅಪಾಯ, ಅವು ಇಲ್ಲದ ಮಾತನ್ನೂ ಧೈರ್ಯವಾಗಿ ಬರೆದುಕೊಡುತ್ತವೆ. ಪುಸ್ತಕದ ಹೆಸರು, ಪುಟ ಅಥವಾ ಭಾಷಣದ ದಿನಾಂಕ ಸಿಗದ ಮಾತನ್ನು ನೋಟ್‌ಬುಕ್ಕಿಗೆ ಸೇರಿಸಬೇಡಿ.

ಕನ್ನಡದ ಹಳೆಯ ಮಾತುಗಳಿಗೆ ಮೊದಲ ಪರೀಕ್ಷೆ ಅಂಕಿತ, ಅಂದರೆ ಬರೆದವರು ತಮ್ಮ ಗುರುತಾಗಿ ವಚನದಲ್ಲೋ ಕೀರ್ತನೆಯಲ್ಲೋ ಸೇರಿಸುವ ಹೆಸರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ. ದಾಸರಲ್ಲಿ ಪುರಂದರವಿಠಲ ಅಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು. ಅಂಕಿತ ಕತ್ತರಿಸಿದ ವಚನ ಬಂದರೆ ಅದನ್ನು ಪೂರ್ತಿಯಾಗಿ ಹುಡುಕಿ.

ಆದರೆ ಅಂಕಿತ ಇದ್ದ ಮಾತ್ರಕ್ಕೂ ನಿಶ್ಚಿಂತರಾಗಬೇಡಿ. ಸರ್ವಜ್ಞನ ಹೆಸರಿನಲ್ಲಿ ಆಮೇಲಿನವರು ಎಷ್ಟೋ ತ್ರಿಪದಿ ಕಟ್ಟಿದ್ದಾರೆ. ಮೂರು ಸಾಲು ಬರೆದು ಕೊನೆಗೆ "ಸರ್ವಜ್ಞ" ಅಂತ ಸೇರಿಸುವುದು ಯಾರಿಗೂ ಕಷ್ಟವಲ್ಲ. ಸಂಪಾದಿಸಿದ ಪುಸ್ತಕದಲ್ಲಿ ಇದೆಯೇ ಅಂತ ನೋಡಿಯೇ ಒಪ್ಪಿಕೊಳ್ಳಿ.

ಈ ಹಂತದಲ್ಲಿ ಸಿಗುವ ಲಾಭ ದೊಡ್ಡದು. "ಕಾಯಕವೇ ಕೈಲಾಸ" ಅನ್ನುವುದನ್ನು ನಾವೆಲ್ಲ ಬಸವಣ್ಣನವರ ಹೆಸರಿನಲ್ಲಿ ಶಾಲೆಯ ಗೋಡೆಯಿಂದ ಹಿಡಿದು ಕಚೇರಿಗಳವರೆಗೆ ನೋಡಿದ್ದೇವೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ:

ಕಾಯಕದಲ್ಲಿ ನಿರತನಾದಡೆ
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದೆ ನಿಂದಿದ್ದಡೂ ಹಂಗು ಹರಿಯಬೇಕು.
ಕಾಯಕವೆ ಕೈಲಾಸವಾದ ಕಾರಣ
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಬಿದ್ದ ಅಕ್ಕಿ ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದವನ ಮಾತಿದು. ಗುರು ಎದುರಿಗೆ ಬಂದರೂ ಕೆಲಸ ಬಿಡಬೇಡ ಅನ್ನುತ್ತಾನೆ. ಗೋಡೆಯ ಮೇಲಿನ ಎರಡು ಪದಗಳಲ್ಲಿ ಇಷ್ಟು ಧೈರ್ಯ ಕಾಣುವುದಿಲ್ಲ. ಹುಡುಕಿ ಹೋದವರಿಗೆ ಇನ್ನೊಂದೂ ಸಿಗುತ್ತದೆ: ಮಾರಯ್ಯ ಒಮ್ಮೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ?" ಅಂತ ಕೇಳುವ ವಚನ. ಹೊತ್ತುಗೊತ್ತಿಲ್ಲದೆ ದುಡಿಯುವವರು ಗಂಡನ ಮಾತಿನ ಜೊತೆಗೆ ಹೆಂಡತಿಯ ಮಾತನ್ನೂ ಬರೆದಿಟ್ಟುಕೊಳ್ಳಲಿ.

ಬೇರೆ ನಾಡಿನ, ಬೇರೆ ಭಾಷೆಯ ಮಾತುಗಳಿಗೂ ಇದೇ ಎಚ್ಚರ ಬೇಕು. "ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ನೀವೇ ಆಗಿ" ಅನ್ನುವ ಮಾತು ಗಾಂಧೀಜಿಯ ಬರಹದಲ್ಲಿ ಆ ರೂಪದಲ್ಲಿ ಇಲ್ಲ. ಅದಕ್ಕೆ ಹತ್ತಿರವಾದದ್ದು 1913ರಲ್ಲಿ ಅವರು ಇಂಡಿಯನ್ ಒಪಿನಿಯನ್ ಪತ್ರಿಕೆಗೆ ಬರೆದ ಲೇಖನದಲ್ಲಿದೆ: ನಾವು ಬದಲಾದರೆ ಲೋಕದ ನಡವಳಿಕೆಯೂ ಬದಲಾಗುತ್ತದೆ, ಬೇರೆಯವರು ಏನು ಮಾಡುತ್ತಾರೆ ಅಂತ ಕಾಯಬೇಕಿಲ್ಲ ಅನ್ನುವ ಅರ್ಥದ ಮಾತು. "ಮೊದಲು ನಿಮ್ಮನ್ನು ಕಡೆಗಣಿಸುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ, ಕೊನೆಗೆ ನೀವು ಗೆಲ್ಲುತ್ತೀರಿ" ಅನ್ನುವುದೂ ಗಾಂಧಿಯದಲ್ಲ. ಅದನ್ನು ಹೋಲುವ ಮಾತನ್ನು 1918ರಲ್ಲಿ ಅಮೆರಿಕದ ಕಾರ್ಮಿಕ ನಾಯಕ ನಿಕೋಲಸ್ ಕ್ಲೈನ್ ಬಟ್ಟೆ ಕಾರ್ಮಿಕರ ಸಭೆಯಲ್ಲಿ ಆಡಿದ್ದರು. ವಿವೇಕಾನಂದರ "ಏಳಿ, ಎದ್ದೇಳಿ" ಅವರದೇ ಕರೆ, ಆದರೆ ಅದರ ಬೇರು ಕಠೋಪನಿಷತ್ತಿನಲ್ಲಿದೆ. ಇದನ್ನೆಲ್ಲ ಬಲ್ಲವರಿಗೆ ಮಾತಿನ ಮೇಲಿನ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಒಂದು ಸಮಾಧಾನ: ಒಂದು ಪುಸ್ತಕದಲ್ಲಿ "ನುಡಿದರೆ" ಅಂತಲೂ ಇನ್ನೊಂದರಲ್ಲಿ "ನುಡಿದಡೆ" ಅಂತಲೂ ಇದ್ದರೆ ಗಾಬರಿ ಬೇಡ. ಓಲೆಗರಿಯ ಪ್ರತಿಗಳಿಂದ ಬಂದ ಬರಹದಲ್ಲಿ ಇಂಥ ಚಿಕ್ಕ ವ್ಯತ್ಯಾಸ ಸಹಜ. ಒಂದು ಮುದ್ರಣ ಹಿಡಿದು ಅದರಂತೆಯೇ ಬರೆದುಕೊಳ್ಳಿ.

## ಹಂತ 4: ಹಿಂದುಮುಂದಿನ ಸಾಲು ಸೇರಿಸಿ ಪೂರ್ತಿ ಓದಿ

"ನುಡಿದರೆ ಮುತ್ತಿನ ಹಾರದಂತಿರಬೇಕು" ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಇದನ್ನು ಸಿಹಿಯಾಗಿ ಮಾತಾಡಿ ಅನ್ನುವ ಬುದ್ಧಿಮಾತಾಗಿ ಬಳಸುತ್ತೇವೆ. ಪೂರ್ತಿ ಓದಿದರೆ ಮುತ್ತು, ಮಾಣಿಕ್ಯ, ಸ್ಫಟಿಕ ಎಲ್ಲ ಮುಗಿದ ಮೇಲೆ ಬಸವಣ್ಣ ಹೇಳುವುದು ಇದು:

ನುಡಿಯೊಳಗಾಗಿ ನಡೆಯದಿದ್ದಡೆ
ಕೂಡಲಸಂಗಮದೇವನೆಂತೊಲಿವನಯ್ಯಾ?

ಆಡಿದಂತೆ ನಡೆಯದಿದ್ದರೆ ದೇವರು ಹೇಗೆ ಒಲಿದಾನು ಅನ್ನುವ ಪ್ರಶ್ನೆ. ಮೊದಲ ಸಾಲಿಗೆ ನಿಂತವರು ಮಾತಿನ ಚೆಂದ ಕಲಿಯುತ್ತಾರೆ. ಕೊನೆಯ ಸಾಲಿಗೆ ಬಂದವರು ಮಾತು ಕೊಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ವಾರದ ಕೆಲಸವೇ ಬದಲಾಯಿತು ಅಲ್ವಾ?

ಡಿ.ವಿ.ಜಿ. ಅವರ ಕಗ್ಗದ "ಎಲ್ಲರೊಳಗೊಂದಾಗು" ಕೂಡ ಹೀಗೆಯೇ. ಒಂದೇ ಪದವಾಗಿ ಕೇಳಿದರೆ ಜನರ ಜೊತೆ ಹೊಂದಿಕೊಂಡು ಹೋಗು ಅಂದಂತೆ ಕೇಳುತ್ತದೆ. ಅದಕ್ಕೆ ಮೊದಲಿನ ಸಾಲುಗಳಲ್ಲಿ ಕಷ್ಟದ ಮಳೆಗೆ ಕಲ್ಲಾಗು, ದುರ್ಬಲರಿಗೆ ಬೆಲ್ಲವಾಗು ಅನ್ನುವ ಮಾತಿದೆ. ಸುಮ್ಮನೆ ಗುಂಪಿನಲ್ಲಿ ಕರಗುವವನಿಗೆ ಹೇಳಿದ್ದಲ್ಲ ಅದು.

ಅಕ್ಕನ ವಚನಕ್ಕೆ ಬನ್ನಿ. ಟೀಕೆಯ ತೊಡಕಿಗೆಂದು ಅದನ್ನು ತೆಗೆದುಕೊಂಡೆವು. ಆದರೆ ಅವಳು ನಿಂದೆಯೊಂದನ್ನೇ ಹೇಳಿಲ್ಲ, ಸ್ತುತಿಯನ್ನು ಮೊದಲು ಹೇಳುತ್ತಾಳೆ. ಹೊಗಳಿಕೆಗೆ ಉಬ್ಬುವವನೇ ತೆಗಳಿಕೆಗೆ ಕುಗ್ಗುತ್ತಾನೆ. ಇದು ಕಂಡ ಮೇಲೆ ಹಂತ 1ರಲ್ಲಿ ಬರೆದ ವಾಕ್ಯವನ್ನು ತಿದ್ದಬೇಕಾಗಬಹುದು. ತಿದ್ದಿ.

ಭಾಷಣದ ಮಾತಾದರೆ ಹಿಂದಿನ ಒಂದು ಪ್ಯಾರಾ, ಮುಂದಿನ ಒಂದು ಪ್ಯಾರಾ ಓದಿ. ಕೀರ್ತನೆಯಾದರೆ ಪಲ್ಲವಿಗೆ ನಿಲ್ಲದೆ ಎಲ್ಲ ಚರಣಗಳನ್ನೂ ಓದಿ.

## ಹಂತ 5: ಕೈಯಲ್ಲಿ ಬರೆಯಿರಿ, ಕೆಳಗೆ ನಿಮ್ಮ ಮಾತಿನಲ್ಲಿ ಬರೆಯಿರಿ

ಎಡ ಪುಟದಲ್ಲಿ ಮಾತು ಇದ್ದ ಹಾಗೆ, ಕೆಳಗೆ ಮೂಲ. ಬಲ ಪುಟದಲ್ಲಿ ಅದನ್ನೇ ನಿಮ್ಮ ಮನೆಮಾತಿನಲ್ಲಿ. ಧಾರವಾಡದವರು ಧಾರವಾಡದ ಕನ್ನಡದಲ್ಲಿ, ಕುಂದಾಪುರದವರು ಕುಂದಾಪುರದ ಕನ್ನಡದಲ್ಲಿ ಬರೆಯಲಿ. ಅಮ್ಮನಿಗೋ ತಮ್ಮನಿಗೋ ಹೇಳುವ ಹಾಗಿರಬೇಕು.

ಅಕ್ಕನ ವಚನಕ್ಕೆ ಬಲ ಪುಟದಲ್ಲಿ ಹೀಗೆ ಬರಬಹುದು: "ಹತ್ತು ಜನರ ನಡುವೆ ಕೆಲಸ ಮಾಡ್ತೀನಿ ಅಂತ ನಾನೇ ಬಂದೆ. ಹತ್ತು ಜನ ಮಾತಾಡೇ ಆಡ್ತಾರೆ. ಹೊಗಳಿದರೂ ಅಷ್ಟೇ, ಬೈದರೂ ಅಷ್ಟೇ, ಸಿಟ್ಟಾಗಬಾರದು." ಇಷ್ಟು ಬರೆಯಲು ಆಗದಿದ್ದರೆ ಮಾತು ಇನ್ನೂ ಅರ್ಥವಾಗಿಲ್ಲ ಅಂತ ಅರ್ಥ. ಟಿಪ್ಪಣಿ ಇರುವ ಪುಸ್ತಕ ನೋಡಿ, ಬಲ್ಲ ಹಿರಿಯರನ್ನೋ ಕನ್ನಡ ಮೇಷ್ಟ್ರನ್ನೋ ಕೇಳಿ. ಫೋಟೋ ತೆಗೆದು ಗ್ಯಾಲರಿಯಲ್ಲಿ ಇಡುವುದು ಬರೆದಂತೆ ಆಗುವುದಿಲ್ಲ, ಮತ್ತೆ ಯಾರೂ ಅದನ್ನು ತೆರೆದು ನೋಡುವುದಿಲ್ಲ.

## ಹಂತ 6: ಒಂದು ಚಿಕ್ಕ ಕೆಲಸಕ್ಕೆ ಕಟ್ಟಿ

"ಯಾವಾಗ ಹೀಗಾಗುತ್ತದೋ, ಆಗ ಹೀಗೆ ಮಾಡುತ್ತೇನೆ" ಅನ್ನುವ ರೂಪದಲ್ಲಿ ಒಂದೇ ವಾಕ್ಯ ಬರೆಯಿರಿ. ಅಕ್ಕನ ವಾರಕ್ಕೆ: "ಯಾರಾದರೂ ನನ್ನ ಕೆಲಸದ ಬಗ್ಗೆ ಒಳ್ಳೆಯದನ್ನೋ ಕೆಟ್ಟದ್ದನ್ನೋ ಹೇಳಿದಾಗ, ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ."

ಕೆಲಸ ಎರಡು ನಿಮಿಷದೊಳಗೆ ಮುಗಿಯುವಂಥದ್ದಿರಲಿ. ಕಣ್ಣಿಗೆ ಕಾಣುವಂಥದ್ದಿರಲಿ. "ಶಾಂತವಾಗಿರುತ್ತೇನೆ" ಅನ್ನುವುದನ್ನು ರಾತ್ರಿ ಮಾಡಿದೆನೋ ಇಲ್ಲವೋ ಅಂತ ಅಳೆಯಲಾಗುವುದಿಲ್ಲ. "ಚೀಟಿಯಲ್ಲಿ ಬರೆದುಕೊಂಡೆ" ಅನ್ನುವುದನ್ನು ಅಳೆಯಬಹುದು.

## ಹಂತ 7: ಬೆಳಿಗ್ಗೆ ಮತ್ತು ರಾತ್ರಿ

ಬೆಳಿಗ್ಗೆ ಕಾಫಿಗೆ ಹಾಲು ಕಾಯುವ ಹೊತ್ತು, ದೇವರ ದೀಪ ಹಚ್ಚಿದ ಮೇಲೆ, ಬಸ್ಸಿನಲ್ಲಿ ಸೀಟು ಸಿಕ್ಕಾಗ, ಹೀಗೆ ದಿನಾ ಹೇಗೂ ಆಗುವ ಒಂದರ ಜೊತೆ ಓದನ್ನು ಸೇರಿಸಿ. ಮಾತನ್ನು ಒಮ್ಮೆ ಗಟ್ಟಿಯಾಗಿ ಓದಿ. ವಚನ, ತ್ರಿಪದಿ, ಕೀರ್ತನೆಗಳು ಬಾಯಲ್ಲಿ ಆಡಿದರೇನೇ ನೆನಪಿನಲ್ಲಿ ಕೂರುತ್ತವೆ. ಫೋನ್ ತೆರೆಯುವ ಮೊದಲು ಓದಿ, ಆಮೇಲೆ ಅಂದರೆ ಆಗುವುದಿಲ್ಲ.

ರಾತ್ರಿ ಮಲಗುವ ಮುನ್ನ ಒಂದು ಸಾಲು: ಇವತ್ತು ಆ ಸಂದರ್ಭ ಬಂತಾ, ನಾನು ಏನು ಮಾಡಿದೆ. ಬರಲಿಲ್ಲವಾದರೆ "ಬರಲಿಲ್ಲ" ಅಂತ ಬರೆಯಿರಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಬಾರಿ ಮಾಡಲು ಹೋಗಬೇಡಿ, ಆ ದಿನದ್ದನ್ನು ಮಾತ್ರ ಮಾಡಿ.

## ಹಂತ 8: ಭಾನುವಾರ ತೀರ್ಮಾನ

ಏಳು ಸಾಲು ಓದಿ. ಮೂರು ದಾರಿಗಳಿವೆ: ಮಾತನ್ನು ಇನ್ನೊಂದು ವಾರ ಇಟ್ಟುಕೊಳ್ಳುವುದು, ಮಾತು ಅದೇ ಇಟ್ಟು ಕೆಲಸ ಬದಲಿಸುವುದು, ಹೊಸ ತೊಡಕು ಬರೆದು ಹಂತ 1ಕ್ಕೆ ಹೋಗುವುದು. ಕೆಲಸ ಒಂದು ಸಲವೂ ಆಗಿಲ್ಲದಿದ್ದರೆ ಹೆಚ್ಚಿನ ಸಲ ತಪ್ಪು ಹಂತ 6ರಲ್ಲಿ ಇರುತ್ತದೆ: ಕೆಲಸ ದೊಡ್ಡದಾಗಿರುತ್ತದೆ, ಇಲ್ಲವೇ "ಯಾವಾಗ" ಅನ್ನುವುದು ಸ್ಪಷ್ಟವಾಗಿರುವುದಿಲ್ಲ.

## ಎಚ್ಚರಿಕೆಯ ಗುರುತುಗಳು

ಮಾತು ಬೇರೆಯವರ ಕಡೆಗೆ ತಿರುಗುತ್ತಿದೆ. ಒಂದು ಸಾಲು ಓದಿದ ಕೂಡಲೇ "ಇದನ್ನು ನಮ್ಮ ಅತ್ತಿಗೆ ಓದಬೇಕು" ಅನಿಸಿದರೆ, ಯಾರಿಗೋ ಚುಚ್ಚಲು ಅದನ್ನು ಸ್ಟೇಟಸ್ ಹಾಕಿದರೆ, ನಿಲ್ಲಿಸಿ. ಬಸವಣ್ಣನವರ "ಲೋಕದ ಡೊಂಕ ನೀವೇಕೆ ತಿದ್ದುವಿರಿ? ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ" ಅನ್ನುವುದನ್ನು ಮುಂದಿನ ವಾರಕ್ಕೆ ತೆಗೆದುಕೊಳ್ಳಿ. ನನ್ನ ಸಲಹೆ, ವಾರ ಮುಗಿಯುವವರೆಗೆ ಮಾತನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಹಂಚಿದ ಕೂಡಲೇ ಏನೋ ಮಾಡಿ ಮುಗಿಸಿದ ತೃಪ್ತಿ ಬಂದುಬಿಡುತ್ತದೆ, ಮಾಡಬೇಕಾದ ಕೆಲಸ ಹಾಗೇ ಉಳಿಯುತ್ತದೆ.

ಸಂಗ್ರಹ ಬೆಳೆಯುತ್ತಿದೆ, ರಾತ್ರಿಯ ಸಾಲು ನಿಂತಿದೆ. ಹೊಸ ಮಾತು ಹುಡುಕುವುದನ್ನು ಒಂದು ತಿಂಗಳು ಬಿಡಿ. ಹಳೆಯದರಲ್ಲೇ ಒಂದನ್ನು ಹಿಡಿಯಿರಿ.

ಮೆಚ್ಚಿದವರು ಹೇಳಿದ್ದೆಲ್ಲ ಸರಿ ಅನಿಸುತ್ತಿದೆ. ದೊಡ್ಡವರ ಬರಹದಲ್ಲೂ ನಾವು ಇವತ್ತು ಒಪ್ಪಲಾಗದ್ದು ಇರುತ್ತದೆ. ಪೂರ್ತಿ ಓದುವವರಿಗೆ ಅದು ಸಿಕ್ಕೇ ಸಿಗುತ್ತದೆ. ಒಪ್ಪದಿದ್ದರೆ ಬಲ ಪುಟದಲ್ಲಿ ಯಾಕೆ ಒಪ್ಪುವುದಿಲ್ಲ ಅಂತ ಬರೆಯಿರಿ. ಮಾತು ಆಡಿದವರಿಗೆ ಅದರಿಂದ ಅವಮಾನವಾಗುವುದಿಲ್ಲ.

ಓದಿದಷ್ಟೂ ಮನಸ್ಸು ಕುಸಿಯುತ್ತಿದೆ. "ಇಷ್ಟು ಒಳ್ಳೆಯ ಮಾತು ಓದಿಯೂ ನಾನು ಏಳಲಾರೆ" ಅನಿಸುತ್ತಿದ್ದರೆ, ನಿದ್ದೆ ಊಟ ತಪ್ಪಿ ವಾರಗಳಾಗಿದ್ದರೆ, ಇದು ನೋಟ್‌ಬುಕ್ಕಿನಿಂದ ಆಗುವ ಕೆಲಸವಲ್ಲ. ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

## ಮೊದಲ ತಿಂಗಳಿಗೆ ನಾಲ್ಕು ಮಾತು

ಎಲ್ಲಿಂದ ಹಿಡಿಯಬೇಕು ಅಂತ ತಿಳಿಯದವರಿಗೆ ಇವು. ನಿಮ್ಮ ತೊಡಕು ಬೇರೆಯಾದರೆ ಕ್ರಮ ಬದಲಿಸಿ.

ಮೊದಲ ವಾರ "ಕಳಬೇಡ, ಕೊಲಬೇಡ". ಎಲ್ಲರಿಗೂ ಬಾಯಿಪಾಠ ಇರುವುದರಿಂದಲೇ ಇದು ಕಷ್ಟ. ಏಳು "ಬೇಡ"ಗಳಿವೆ: ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಏಳನ್ನೂ ಒಟ್ಟಿಗೆ ಹಿಡಿಯಬೇಡಿ. "ತನ್ನ ಬಣ್ಣಿಸಬೇಡ" ಒಂದನ್ನೇ ತೆಗೆದುಕೊಂಡು, ದಿನಕ್ಕೆ ಎಷ್ಟು ಸಲ ನಮ್ಮನ್ನೇ ಹೊಗಳಿಕೊಳ್ಳುತ್ತೇವೆ ಅಂತ ಚೀಟಿಯಲ್ಲಿ ಗೆರೆ ಹಾಕಿ.

ಎರಡನೇ ವಾರ ಅಕ್ಕನ ವಚನ, ಮೇಲೆ ಹೇಳಿದ ಕೆಲಸದ ಜೊತೆ.

ಮೂರನೇ ವಾರ ಮಾರಯ್ಯ ಮತ್ತು ಲಕ್ಕಮ್ಮ. ಮೂರು ದಿನ ಗಂಡನ ವಚನ: ಒಂದು ಗಂಟೆ ಫೋನ್ ಬೇರೆ ಕೋಣೆಯಲ್ಲಿಟ್ಟು ಒಂದೇ ಕೆಲಸ. ಉಳಿದ ದಿನ ಹೆಂಡತಿಯ ವಚನ: ಏನಾದರೂ ಕೊಳ್ಳುವ ಮೊದಲು "ಈಸಕ್ಕಿಯಾಸೆ ನಿಮಗೇಕೆ?" ಅಂತ ಒಮ್ಮೆ ಗಟ್ಟಿಯಾಗಿ ಕೇಳಿಕೊಳ್ಳುವುದು.

ನಾಲ್ಕನೇ ವಾರ ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ. ರಾಜಕೀಯದಲ್ಲಿ ಒಬ್ಬರಿಗೆ ಒಂದು ಮತ, ಒಂದು ಮತಕ್ಕೆ ಒಂದೇ ಬೆಲೆ ಅಂತ ಒಪ್ಪಿಕೊಂಡು, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಆ ಸಮಾನತೆಯನ್ನು ಇನ್ನೆಷ್ಟು ದಿನ ನಿರಾಕರಿಸುತ್ತೇವೆ ಅಂತ ಅವರು ಕೇಳುವ ಭಾಗವಿದೆ. ಇಡೀ ಭಾಷಣ ಓದಲು ಭಾನುವಾರದ ಅರ್ಧ ಗಂಟೆ ಸಾಲದು, ಒಂದು ಗಂಟೆ ಇಟ್ಟುಕೊಳ್ಳಿ. ಕೆಲಸ ಹೀಗಿರಬಹುದು: ನಿಮ್ಮ ಮನೆಗೆ ಅಥವಾ ಕಚೇರಿಗೆ ಕೆಲಸಕ್ಕೆ ಬರುವವರಿಗೆ ಬೇರೆ ಲೋಟ, ಬೇರೆ ಜಾಗ, ಬೇರೆ ಸಂಬೋಧನೆ ಇದೆಯೇ ನೋಡಿ, ಇದ್ದರೆ ಈ ವಾರವೇ ಒಂದನ್ನು ಬದಲಿಸಿ.

ಐದನೇ ವಾರದ ಮಾತು ನೀವೇ ಹುಡುಕಬೇಕು. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮೊದಲು ತೊಡಕನ್ನು ಬರೆಯಿರಿ, ಮಾತಿಗೆ ಎಡ ಪುಟ ಖಾಲಿ ಬಿಟ್ಟಿರಿ.